ಬಿಚ್ಚಿದ ಕೈ

ಅಕ್ಟೋಬರ್ ೯

ಅಪ್ಪಾ,

ಮನೆ ತಲುಪಿದೆ. ಅಮ್ಮ ಚೆನ್ನಾಗಿದ್ದಾಳೆ. ಅಂದರೆ, ಚೆನ್ನಾಗಿದ್ದೇನೆ ಎನ್ನುತ್ತ ತೊಳೆದ ಪಾತ್ರೆಗಳನ್ನೇ ತಿರುಗಿ ತೊಳೆಯುತ್ತಿದ್ದಾಳೆ. ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ, ನೀವು ಕೂಗಿದ್ದು ನಮಗೆ ತಿಳಿಯುವುದಿಲ್ಲ. ಎಂಜಿನ್ನಿಗೆ ಕಿವಿಕೊಟ್ಟೂ ಕೊಟ್ಟೂ ಮನುಷ್ಯರಿಗೆ ಉಳಿಸಿಕೊಳ್ಳಲಿಲ್ಲ ನೀವು. ಆದ್ದರಿಂದ ಕಾಗದವೇ ವಾಸಿ.

ಚೀಲ ಇಳಿಸಿ ಮೊದಲು ಷೆಡ್ಡಿಗೇ ಹೋದೆ. ನಾನು ಹುಟ್ಟುವ ಮೊದಲೇ ನಮ್ಮ ಮನೆ ಸೇರಿದ ಮುದುಕಿ ಕಾರನ್ನು ಈ ಅವಸ್ಥೆಯಲ್ಲಿ ಕಂಡದ್ದಿಲ್ಲ. ಡ್ಯಾಶ್‌ಬೋರ್ಡು ಹಿಂದಿನ ಸೀಟಿನ ಮೇಲೆ ಮಲಗಿದೆ. ಸ್ಟಿಯರಿಂಗಿನ ಹಿಂದೆ ವೈರುಗಳು ಜೋತಾಡುತ್ತಿವೆ. ಗೋಡೆಗೊರಗಿಸಿದ ರಟ್ಟಿನ ಮೇಲೆ ನೀವು ಪೆನ್ಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಆ ಜಾಗದಲ್ಲೇ ಚುಚ್ಚಿಟ್ಟಿದ್ದೀರಿ. ಬದಲಿಸಬೇಕಾದ ಹೊಸ ಹೀಟರ್ ಕೋರ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಎತ್ತಿ ನೋಡಿದೆ. ಕಾರಿನೊಳಗೆ ಬಿಸಿಗಾಳಿ ಕೊಡುವುದು ಇದೇನಾ, ರೇಡಿಯೇಟರಿನ ಮರಿಯ ಹಾಗಿದೆ. ಅದರ ಎರಡು ಕೊಳವೆಗಳ ಬಾಯಿಗೂ ಕೆಂಪು ಪ್ಲಾಸ್ಟಿಕ್ ಮುಚ್ಚಳ.

ನಡೆದದ್ದನ್ನೆಲ್ಲ ಅಮ್ಮ ಹೇಳಿದಳು. ಕಾರಿನೊಳಗೆ ಸಿಹಿ ವಾಸನೆ ಬರುತ್ತಿತ್ತಂತೆ, ಮುಂದಿನ ಗಾಜು ಎಷ್ಟು ಒರೆಸಿದರೂ ಮಬ್ಬಾಗುತ್ತಿತ್ತಂತೆ, ಕಾಲಡಿಯ ಚಾಪೆ ಒದ್ದೆಯಂತೆ. ಕೋರ್ ಸೋರುತ್ತಿದೆ ಎಂದು ನೀವೇ ಡ್ಯಾಶ್‌ಬೋರ್ಡು ಬಿಚ್ಚಿ, ತಲೆ ಕೆಳಗಾಗಿ ಅದರಡಿ ತೂರಿಕೊಂಡಿರಂತೆ. ಆಮೇಲೆ ಏಳಲಾಗಲಿಲ್ಲ. "ಕಾಲು ಹಿಡ್ಕೊಂಡು ಎಳೆದೆ ಕಣೇ. ಇವರು ಇನ್ನೊಂದು ನಟ್ಟು, ಇನ್ನೊಂದೇ ನಟ್ಟು ಅಂತಿದ್ರು. ಮುಖ ನೋಡಿದ್ರೆ ಬೂದಿ ಆಗಿತ್ತು," ಎಂದಳು. ಹೇಳುವಾಗ ನಕ್ಕಳು, ಮುಗಿಸುವಾಗ ಸೆರಗು ಬಾಯಿಗೆ ಹೋಗಿತ್ತು.

ಅತ್ತೆಯ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಏನೆಂದರು? ಎದೆಯ ವಾಲ್ವು ಬದಲಿಸಬೇಕು, ತಡಮಾಡುವ ಹಾಗಿಲ್ಲ ಎಂದು ಅತ್ತೆ ಹೇಳುತ್ತಾರೆ. ನಿಮ್ಮ ಕಾಗದದಲ್ಲಿ ನೋಡಿದರೆ ಅತ್ತೆಯ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದಿದೆ. ಗಾಳಿ ಬೆಳಕಿನ ಸಮಾಚಾರ ಯಾರಿಗೆ ಬೇಕು?

ಇನ್ನೊಂದು ಮಾತು. ನೀವು ಒಪ್ಪಿದರೆ ಕೋರ್ ನಾನೇ ಹಾಕುತ್ತೇನೆ. ದಿನಾ ಲ್ಯಾಬಿನಲ್ಲಿ ಕೂತು ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವವಳಿಗೆ ಇದೇನು ಮಹಾ. ಇಷ್ಟು ವರ್ಷದ ನಿಮ್ಮ ಯಾವ ಕಾಗದದಲ್ಲೂ "ಬಾ" ಎಂಬ ಒಂದು ಮಾತಿಲ್ಲ, ಕೊನೆಯಲ್ಲಿ ತಪ್ಪದೆ "ನಿನ್ನ ಕೆಲಸ ನೋಡಿಕೋ" ಎಂದಿರುತ್ತದೆ. ಈ ಸಲವೂ ಕರೆದದ್ದು ಅಮ್ಮ. ಇರಲಿ, ಬಂದಿದ್ದೇನೆ. ಬಂದ ಮೇಲೆ ಒಂದು ಕೆಲಸವಾದರೂ ಕೊಡಿ.

ಭಯವಾಗುತ್ತಿದೆ ಅಪ್ಪಾ. ಬೇಗ ಬರೆಯಿರಿ.

ನಿಮ್ಮ ಮಗಳು


ಅಕ್ಟೋಬರ್ ೧೫

ಮಗಳೇ,

ಮೊದಲನೇ ಮಾತು, ಮುದುಕಿಯನ್ನು ಮುಟ್ಟಬೇಡ.

ನಿನ್ನ ಕೈ ಮೇಲೆ ಅಪನಂಬಿಕೆಯಿಂದ ಹೇಳುತ್ತಿಲ್ಲ. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಕಾನೂನು, ಬಿಚ್ಚಿದ ಕೈಯೇ ಕಟ್ಟಬೇಕು. ಬಿಚ್ಚಿದವನಿಗೆ ಜ್ವರ ಬಂದರೆ ಅವನು ಎದ್ದು ಬರುವವರೆಗೆ ಗಾಡಿ ಹಾಗೇ ನಿಂತಿರುತ್ತಿತ್ತು, ಗಾಡಿಯವನು ಬಾಗಿಲಲ್ಲಿ ನಿಂತು ಬೈದರೂ ಸರಿ. ಯಾವ ಬೋಲ್ಟು ಹಟಮಾರಿ, ಯಾವುದಕ್ಕೆ ಅರ್ಧ ಸುತ್ತು ಸಾಕು ಎಂಬುದು ಬಿಚ್ಚಿದ ಬೆರಳಿಗೆ ಮಾತ್ರ ಗೊತ್ತಿರುತ್ತದೆ. ಒಬ್ಬ ಬಿಚ್ಚಿ ಇನ್ನೊಬ್ಬ ಕಟ್ಟಿದ ಗಾಡಿ ಮೊದಲ ತಿರುವಿನಲ್ಲೇ ಗಡಗಡ ಎಂದು ಚಾಡಿ ಹೇಳುತ್ತದೆ ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ನಾನು ಆ ಕಾನೂನು ಒಮ್ಮೆಯೂ ಮುರಿದವನಲ್ಲ, ಮುಪ್ಪಿನಲ್ಲಿ ಮುರಿಸಬೇಡ.

ಡಾಕ್ಟರ ವಿಷಯ. ನಾನು ಮೆಕ್ಯಾನಿಕ್ ಎಂದು ತಿಳಿದಾಗಿನಿಂದ ಆ ಪುಣ್ಯಾತ್ಮ ನನ್ನ ಭಾಷೆಯಲ್ಲೇ ವಿವರಿಸುತ್ತಿದ್ದಾರೆ. ಪಂಪು ಚೆನ್ನಾಗಿದೆಯಂತೆ, ವಾಲ್ವು ಕೆಟ್ಟಿದೆಯಂತೆ, ಬದಲಿಸುವಾಗ ಪಂಪು ನಿಲ್ಲಿಸಿ ಹೊರಗಿನ ಮೆಶೀನಿನಿಂದ ರಕ್ತ ಓಡಿಸುತ್ತಾರಂತೆ. ಸಮಾಧಾನ ಹೇಳಲು ಬಂದರು, ನನಗೆ ಮಾತ್ರ ಬೆವರು ಕಿತ್ತುಕೊಂಡಿತು. ಎಷ್ಟು ಎಂಜಿನ್ನು ನಿಲ್ಲಿಸಿದ್ದೇನೆ ನಾನು! ಎಲ್ಲ ಸರಿಯಾಗಿ ಜೋಡಿಸಿದ ಮೇಲೂ, ಕೀಲಿ ತಿರುಗಿಸಿದಾಗ ಕೆಲವು ಸುಮ್ಮನೆ ಇದ್ದುಬಿಡುತ್ತಿದ್ದವು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಧೈರ್ಯ ಹೇಳಬಹುದು, ನನಗೆ ಹೇಗೆ ಹೇಳುತ್ತಾರೆ?

ಆದ್ದರಿಂದ ಹೀಗೆ ತೀರ್ಮಾನಿಸಿದ್ದೇನೆ. ಮೊದಲು ಮನೆಗೆ ಬಂದು ಮುದುಕಿಯನ್ನು ಕಟ್ಟಿ ನಿಲ್ಲಿಸುತ್ತೇನೆ. ಆಪರೇಷನ್ನು ಆಮೇಲೆ ನೋಡೋಣ. ಚಳಿಗೆ ಮುಂಚೆ ಹೀಟರು ಆಗದಿದ್ದರೆ ನಿಮ್ಮಮ್ಮ ಓಡಾಡುವುದು ಹೇಗೆ?

ರಜೆ ಹಾಕಿ ಕೂರಬೇಡ, ನಿನ್ನ ಕೆಲಸ ನೋಡಿಕೋ.

ಇಂತಿ, ತಂಗಿಯ ಮನೆಯ ಗಾಳಿ ಬೆಳಕಿನಲ್ಲಿ ಕೂತಿರುವ
ಅಪ್ಪ


ಅಕ್ಟೋಬರ್ ೧೭

ಮಗೂ,

ಫೋನು ಮಾಡೋಣವೆಂದರೆ ಅಣ್ಣ ಹಾಲಿನಲ್ಲಿ ಅದರ ಪಕ್ಕವೇ ಬಿಡಾರ ಹೂಡಿದ್ದಾನೆ. ಬೇರೇನೂ ಕೇಳಿಸದವನಿಗೆ ತನ್ನ ಸುದ್ದಿ ಮಾತ್ರ ಕೇಳಿಸುತ್ತದೆ. ಅದಕ್ಕೇ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಆಸ್ಪತ್ರೆಯಲ್ಲಿ ಒಪ್ಪಿಗೆಗೆ ಸಹಿ ಹಾಕಿ ಎಂದರೆ ಪೆನ್ನು ಕೆಳಗಿಟ್ಟು ಎದ್ದುಬಿಟ್ಟ. "ನನ್ನ ಕಾರು ಬಿಚ್ಚಿದ ಹಾಗೇ ಬಿದ್ದಿದೆ ಡಾಕ್ಟ್ರೇ, ಕಟ್ಟಿ ಬರ್ತೀನಿ," ಅಂದ. ಡಾಕ್ಟರಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಹೊರಗೆ ನನ್ನೊಬ್ಬಳನ್ನೇ ಕರೆದು, "ಅಷ್ಟು ದೂರದ ಪ್ರಯಾಣ, ಮತ್ತೆ ಕಾರಿನ ಕೆಳಗೆ ಬಗ್ಗೋದು, ಇದೆಲ್ಲ ಆಗೋ ಮಾತಲ್ಲ ಅಮ್ಮ. ವಾಪಸ್ ಬರೋದೇ ಅನುಮಾನ," ಎಂದರು. ನಾನು ಮನೆಗೆ ಬಂದು ನಲ್ಲಿ ತಿರುಗಿಸಿ ಆ ಸದ್ದಿನಲ್ಲಿ ಅತ್ತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನಿಗೆ ಹೆದರಿಕೆ, ಹೆಸರು ಕಾರಿನದು. ಬಟ್ಟೆ ತುಂಬಿ ಚೀಲ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾನೆ. ಟಿಕೆಟ್ಟು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ದಿನ ತಳ್ಳುತ್ತಿದ್ದೇನೆ. ಎಷ್ಟು ದಿನ ಅಂತ ತಳ್ಳಲಿ? ಆ ಹಾಳು ಕಾರಿಗೊಂದು ಗತಿ ಕಾಣಿಸು. ನೆಪವೇ ಇಲ್ಲದ ಹಾಗೆ ಮಾಡು.

ನಿನ್ನ ಅತ್ತೆ


ಅಕ್ಟೋಬರ್ ೨೪

ಅತ್ತೆ,

ಮಾಡಿಬಿಟ್ಟೆ. ಮುದುಕಿಯ ಹೊಟ್ಟೆ ಮುಚ್ಚಿದೆ.

ನಿಮ್ಮ ಕಾಗದ ಓದಿದ ದಿನವೇ ಷೆಡ್ಡಿಗೆ ಇಳಿದೆ. ಅಮ್ಮ ಟಾರ್ಚು ಹಿಡಿದಳು. ಹಿಡಿಯುವುದೆಂದರೆ, ನನ್ನ ಕಣ್ಣಿಗೇ ಬಿಡುತ್ತಿದ್ದಳು. "ಅವರು ಬೇಡ ಅಂದಿದ್ದಾರೆ ಕಣೇ," ಎಂದು ಬಾಯಲ್ಲಿ ಹೇಳುತ್ತಲೇ ಕೈಯಲ್ಲಿ ಸ್ಪ್ಯಾನರ್ ಕೊಡುತ್ತಿದ್ದಳು.

ಕೂಲೆಂಟು, ಅದೇ ಎಂಜಿನ್ ತಣಿಸುವ ಹಸಿರು ನೀರು, ಅದನ್ನೆಲ್ಲ ಬಕೆಟ್ಟಿಗೆ ಇಳಿಸಿ, ಎಂಜಿನ್ನಿನ ಕಡೆಯಿಂದ ಎರಡು ರಬ್ಬರ್ ಪೈಪು ಕಳಚಿದೆ. ಒಂದು ಸಲೀಸಾಗಿ ಬಂತು. ಇನ್ನೊಂದು ಕೊಳವೆಗೆ ಕಚ್ಚಿಕೊಂಡು ಕೂತಿತ್ತು. ಎಳೆದರೆ ಎಲ್ಲಿ ಏನು ಮುರಿಯುತ್ತದೋ ಎಂದು ಎಳೆಯುವುದು ಬಿಟ್ಟೆ. ಲ್ಯಾಬಿನಲ್ಲಿ ಹಲ್ಲಿನ ಅಚ್ಚು ಬಿಡಿಸುವ ಹಾಗೆ ಎಳೆಯದೆ ಸುತ್ತಿಸಿದೆ, ಬಿಟ್ಟಿತು. ಆಮೇಲೆ ಹೀಟರಿನ ಡಬ್ಬಿ ಇಳಿಸಿ ತೆರೆದರೆ, ಹಳೇ ಕೋರಿನ ಮೂಲೆಯಲ್ಲಿ ಹಸಿರು ಕಿಲುಬು ಹೆಪ್ಪುಗಟ್ಟಿತ್ತು, ಸುತ್ತಲಿನ ಫೋಮು ಮುಟ್ಟಿದರೆ ಪುಡಿ. ಇಂಥದ್ದನ್ನು ಉಸಿರಾಡುತ್ತ ಅಪ್ಪ ಎಷ್ಟು ಕಾಲ ಓಡಿಸಿದರೋ. ಹೊಸ ಕೋರಿಗೆ ಹೊಸ ಫೋಮ್ ಪಟ್ಟಿ ಸುತ್ತಿ ಕೂರಿಸಿದೆ. ಮುಚ್ಚುವ ಮೊದಲು ನೀರು ತುಂಬಿ ಎಂಜಿನ್ ಓಡಿಸಿ ಕಾದು ನೋಡಿದೆ. ಜೋಡಣೆಗಳ ಕೆಳಗೆ ಹಳೇ ಪೇಪರ್ ಹಾಸಿ, ಅದರ ಮೇಲೆ ಒಂದು ಹನಿ ಬೀಳುತ್ತದೋ ಎಂದು ಅಮ್ಮ, ನಾನು ಮೊಣಕಾಲೂರಿ ನೋಡುತ್ತಲೇ ಇದ್ದೆವು. ಬೀಳಲಿಲ್ಲ.

ರಟ್ಟಿನಿಂದ ಒಂದೊಂದೇ ಸ್ಕ್ರೂ ಕಿತ್ತು ಅದರದರ ಜಾಗಕ್ಕೆ ಹಾಕಿದೆ. ಅಪ್ಪ ಬರೆದಿಟ್ಟ ಚಿತ್ರ ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಬಿಸಿಗಾಳಿ ಬಂದಾಗ ಅಮ್ಮ ಅದಕ್ಕೆ ಕೈಯೊಡ್ಡಿ ಕೂತುಬಿಟ್ಟಳು, ಇಳಿ ಎಂದರೂ ಇಳಿಯಲಿಲ್ಲ. ಹಳೇ ಕೋರನ್ನು ಗುಜರಿಯವನಿಗೆ ಹಾಕಿದ್ದಾಯಿತು.

ಅಪ್ಪನಿಗೆ ಇನ್ನೂ ಹೇಳಬೇಡಿ. ಭಾನುವಾರ ಗುಡ್ಡದ ರಸ್ತೆ ಹತ್ತಿಸಿ ನೋಡುತ್ತೇನೆ. ಗಾಜು ತಿಳಿಯಾಗಿಯೇ ಉಳಿದರೆ ಬರೆಯುತ್ತೇನೆ, ನೆಪ ಮುಗಿಯಿತು, ಸಹಿ ಹಾಕಿ ಎಂದು. ಬೈಯುತ್ತಾರೆ. ಬೈಯಲಿ, ಬೈಯುವುದಕ್ಕಾದರೂ ಇರಲಿ.

ನಿಮ್ಮ ಸೊಸೆಮುದ್ದು


ಅಕ್ಟೋಬರ್ ೨೫

ಮಗಳೇ,

ಸಹಿ ಹಾಕಿದೆ. ನವೆಂಬರ್ ನಾಲ್ಕಕ್ಕೆ ಎಂದಿದ್ದಾರೆ.

ನಿಮ್ಮತ್ತೆ ಇದು ತನ್ನ ಕಣ್ಣೀರಿನ ಪ್ರತಾಪ ಎಂದುಕೊಂಡಿದ್ದಾಳೆ. ಹಾಗೇ ಅಂದುಕೊಳ್ಳಲಿ. ನಿಜ ಸಂಗತಿ ನಿನಗೆ ಹೇಳುತ್ತೇನೆ. ಮೊನ್ನೆ ರಕ್ತ ತೆಗೆಯಲು ಬಂದ ನರ್ಸು, "ಮನೇಲಿ ಯಾರ್ಯಾರಿದ್ದಾರೆ ತಾತ?" ಎಂದು ಮಾತಿಗೆ ಕೇಳಿದಳು. ಹೆಂಡತಿ ಇದ್ದಾಳೆ, ಮಗಳು ಬಂದಿದ್ದಾಳೆ, ಹೊಟ್ಟೆ ಬಿಚ್ಚಿಟ್ಟ ಕಾರೊಂದಿದೆ ಎಂದೆ. ಅದನ್ನು ಯಾರು ಕಟ್ಟುತ್ತಾರೆ ಎಂದು ಕೇಳಿದಳು. ನಾನೇ, ಬೇರೆ ಯಾರೂ ಕಟ್ಟುವ ಹಾಗಿಲ್ಲ ಎಂದೆ. "ಅಯ್ಯೋ, ಹಾಗಾದ್ರೆ ನೀವು ವಾಪಸ್ ಹೋಗ್ಲೇಬೇಕಲ್ಲ!" ಎಂದು ಸೂಜಿ ಚುಚ್ಚಿಬಿಟ್ಟಳು.

ಅವಳು ಹೋದ ಮೇಲೂ ಆ ಮಾತು ಹೋಗಲಿಲ್ಲ. ಇಷ್ಟು ದಿನ ನಾನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ. ಕಾರು ಕಟ್ಟಿ ಬಂದರೆ ಆಮೇಲೆ ಏನಾದರೂ ಆಗಲಿ ಎಂದು ಲೆಕ್ಕ ಹಾಕಿದ್ದೆ. ಕಟ್ಟಿಬಿಟ್ಟರೆ ತಿರುಗಿ ಬರಲು ನನಗೇನು ಕೆಲಸ? ಅವರು ಪಂಪು ನಿಲ್ಲಿಸಿದ ಹೊತ್ತಿನಲ್ಲಿ ನಾನು ಎಲ್ಲಿರುತ್ತೇನೋ ಗೊತ್ತಿಲ್ಲ ಮಗಳೇ. ಎಲ್ಲಿದ್ದರೂ ಷೆಡ್ಡಿನಲ್ಲಿ ಮುದುಕಿ ಬಿಚ್ಚಿಕೊಂಡು ಬಿದ್ದಿದ್ದಾಳೆ ಎಂಬ ನೆನಪಿದ್ದರೆ ಬಂದುಬಿಡುತ್ತೇನೆ ಅನ್ನಿಸುತ್ತದೆ. ಕೆಲಸ ಅರ್ಧಕ್ಕೆ ಬಿಟ್ಟು ಎಲ್ಲಿಗೂ ಹೋದವನಲ್ಲ ನಾನು. ನಗುವುದಿದ್ದರೆ ನಗು.

ಒಂದು ಉಪಕಾರ ಮಾಡು. ಕಾರು ಈಗ ಹೇಗಿದೆಯೋ ಹಾಗೇ ಒಂದು ಫೋಟೋ ತೆಗೆದು ಕಳಿಸು. ಡ್ಯಾಶ್‌ಬೋರ್ಡು, ಸ್ಕ್ರೂ ಚುಚ್ಚಿದ ರಟ್ಟು, ಎಲ್ಲವೂ ಕಾಣಬೇಕು. ಒಳಗೆ ಕರೆದುಕೊಂಡು ಹೋಗುವ ಮೊದಲು ಒಂದು ಸಲ ನೋಡಿಕೊಳ್ಳುತ್ತೇನೆ.

ನಿಮ್ಮಮ್ಮನ ಕೈಯಲ್ಲಿ ಪಾತ್ರೆ ಸವೆಯದ ಹಾಗೆ ನೋಡಿಕೋ.

ಅಪ್ಪ


ಅಕ್ಟೋಬರ್ ೨೯

ಅತ್ತೆ,

ಅಪ್ಪನ ಕಾಗದ ಭಾನುವಾರದ ಸವಾರಿಗೆ ಮುಂಚೆಯೇ ಬರಬಾರದಿತ್ತೇ! ಭಾನುವಾರ ಮುದುಕಿ ಗುಡ್ಡವನ್ನು ಹಾಡುತ್ತ ಹತ್ತಿದಳು, ಗಾಜಿನ ಮೇಲೆ ಒಂದು ಚೂರು ಮಬ್ಬಿಲ್ಲ. ಖುಷಿಯಲ್ಲಿ ಕಾಗದ ಬರೆದು ಅಂಟು ಹಚ್ಚಿ ಮೇಜಿನ ಮೇಲಿಟ್ಟಿದ್ದೆ. ಸೋಮವಾರ ಅದನ್ನು ಅಂಚೆಗೆ ಹಾಕಲು ಬಾಗಿಲು ತೆರೆದರೆ ಅಪ್ಪನ ಕಾಗದ ಹಿಡಿದು ಪೋಸ್ಟ್‌ಮ್ಯಾನ್ ನಿಂತಿದ್ದ. ಅಲ್ಲೇ ನಿಂತು ಓದಿದೆ. ನನ್ನ ಕಾಗದ ಹರಿದು ಒಲೆಗೆ ಹಾಕಿದೆ.

ನೀವು ನೆಪ ಕಿತ್ತುಹಾಕು ಎಂದಿರಿ, ಕಿತ್ತುಹಾಕಿದೆ. ಈಗ ನೋಡಿದರೆ ಅದೇ ಅವರ ಊರುಗೋಲು.

ಅಮ್ಮ ಒಂದೇ ಮಾತು ಹೇಳಿದಳು, "ಬಿಚ್ಚು."

ಬಿಚ್ಚಿದೆ ಅತ್ತೆ. ಫೋಟೋಕ್ಕಾದರೆ ಡ್ಯಾಶ್‌ಬೋರ್ಡು ಕಳಚಿದ್ದರೆ ಸಾಕಿತ್ತು, ಒಳಗೆ ಕೋರ್ ಹೊಸದೋ ಹಳೆಯದೋ ಯಾರಿಗೆ ಕಾಣುತ್ತದೆ? ಮನಸ್ಸು ಒಪ್ಪಲಿಲ್ಲ. ಅವರು ಅಷ್ಟು ನೆಚ್ಚಿಕೊಂಡಿರುವಾಗ ನಾನು ನಾಟಕದ ಪರದೆ ಕಟ್ಟಿ, ಆಮೇಲೆ ಏನಾದರೂ ಹೆಚ್ಚುಕಮ್ಮಿ ಆದರೆ? ಬುದ್ಧಿಗೆ ಇದು ಹುಚ್ಚು ಎಂದು ಗೊತ್ತು. ಎದೆಗೆ ಗೊತ್ತಿಲ್ಲ. ಆದ್ದರಿಂದ ಹೊಸ ಕೋರ್ ತೆಗೆದು, ಬಸಿದು, ಒರೆಸಿ, ಕೆಂಪು ಮುಚ್ಚಳ ಹಾಕಿ ಪೆಟ್ಟಿಗೆಗೆ ಸೇರಿಸಿದೆ. ಹಳೆಯದನ್ನು ಹುಡುಕಿಕೊಂಡು ಗುಜರಿಗೆ ಓಡಿದೆ.

ಗುಜರಿಯವನ ಅಂಗಳದಲ್ಲಿ ಆಳೆತ್ತರ ತಗಡು. "ಮೊನ್ನೆ ಕೊಟ್ಟಿದ್ದನ್ನ ಇವತ್ತು ವಾಪಸ್ ಕೇಳೋರನ್ನ ಇದೇ ಮೊದಲು ನೋಡಿದ್ದು. ಅದು ತೂತಾಗಿದೆ ಅಂತ ನೀವೇ ಹೇಳಿದ್ರಲ್ಲಮ್ಮ?" ಎಂದ. ತೂತಾಗಿರೋದೇ ಬೇಕು ಎಂದೆ. ನನ್ನ ಮುಖ ನೋಡಿ ಅವನೂ ಹುಡುಕಲು ಬಂದ. ಸಿಗದೆ ಹೋದರೆ ಅಪ್ಪ ಸಿಗುವುದಿಲ್ಲ ಎಂದು ಎಲ್ಲೋ ಮನಸ್ಸಿಗೆ ಹತ್ತಿಕೊಂಡುಬಿಟ್ಟಿತ್ತು. ಒಂದು ಮುರುಕು ಹೊಲಿಗೆ ಮೆಶೀನಿನ ಕೆಳಗೆ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಬೀದಿಯಲ್ಲಿ ನಡೆದು ಬಂದೆ, ಕೋಟಿನ ತುಂಬ ಕಿಲುಬು.

ಈಗ ಎಲ್ಲವೂ ಅಪ್ಪ ಬಿಟ್ಟು ಹೋದ ಹಾಗೇ ಇದೆ. ರಟ್ಟಿನ ಮೇಲೆ ಸ್ಕ್ರೂಗಳನ್ನೂ ಚುಚ್ಚಿದ್ದೇನೆ. ದಯವಿಟ್ಟು ಹಿಂದಿನ ನನ್ನ ಕಾಗದ ಅವರ ಕೈಗೆ ಸಿಗದಂತೆ ಸುಟ್ಟುಬಿಡಿ. ನೀವು, ನಾನು, ಅಮ್ಮ. ನಾಲ್ಕನೆಯವರಿಗೆ ತಿಳಿಯುವುದು ಬೇಡ.

ನಿಮ್ಮ ಸೊಸೆಮುದ್ದು


ಅಕ್ಟೋಬರ್ ೨೯

ಅಪ್ಪಾ,

ಫೋಟೋ ಇಟ್ಟಿದ್ದೇನೆ. ನೋಡಿ, ಮುದುಕಿ ನೀವು ಬಿಟ್ಟ ಹಾಗೇ ಇದ್ದಾಳೆ. ಮೂಲೆಯಲ್ಲಿ ಕಾಣುವ ಬೆರಳು ಅಮ್ಮನದು, ಪಕ್ಕಕ್ಕೆ ಸರಿ ಎಂದರೆ ಸರಿಯಲಿಲ್ಲ.

ಬರೆಯಬೇಕೆಂದುಕೊಂಡದ್ದು ಬಹಳವಿತ್ತು. ಪೆನ್ನು ಹಿಡಿದರೆ ಒಂದೇ ಬರುತ್ತಿದೆ. ಇದನ್ನು ಕಟ್ಟಲು ನಮಗೆ ಯಾರಿಗೂ ಬರುವುದಿಲ್ಲ ಅಪ್ಪಾ. ನೀವೇ ಬರಬೇಕು.

ನಿಮ್ಮ ಮಗಳು


ನವೆಂಬರ್ ೬

ಮಗೂ,

ಫೋನಿನಲ್ಲಿ "ಆಯಿತು, ಉಸಿರಾಡುತ್ತಿದ್ದಾನೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ, ಕ್ಷಮಿಸು. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ಹೇಳಿದ ಸಮಯಕ್ಕೆ ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಯಾರೂ ಹೊರಗೆ ಬರಲಿಲ್ಲ. ಹೊಸ ವಾಲ್ವು ಹಾಕಿ ಆದ ಮೇಲೂ ಎದೆ ತಾನಾಗಿ ಹೊಡೆದುಕೊಳ್ಳಲು ತಡಮಾಡಿತಂತೆ. ಡಾಕ್ಟರು ಆಮೇಲೆ ಹೇಳಿದರು, ಆಗ ಹೇಳಿದ್ದರೆ ಅವರು ನನಗೂ ಒಂದು ಹಾಸಿಗೆ ನೋಡಬೇಕಾಗುತ್ತಿತ್ತು.

ಇವತ್ತು ಕಣ್ಣು ಬಿಟ್ಟ. ಬಾಯಿಂದ ಕೊಳವೆ ತೆಗೆದ ಮೇಲೆ ಮೊದಲು ಕೇಳಿದ್ದು, "ಫೋಟೋ ಎಲ್ಲಿ?" ನನ್ನನ್ನಲ್ಲ, ನಿನ್ನನ್ನಲ್ಲ, ನಿಮ್ಮಮ್ಮನನ್ನೂ ಅಲ್ಲ. ದಿಂಬಿನ ಕೆಳಗಿತ್ತು, ತೆಗೆದು ಕೈಗೆ ಕೊಟ್ಟೆ. ತಲೆಕೆಳಗಾಗಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

ನಿನ್ನ ಅತ್ತೆ


ಜನವರಿ ೧೮

ಮಗಳೇ,

ನೀನು ಕೆಲಸಕ್ಕೆ ಹೊರಟು ಹೋದಾಗಿನಿಂದ ನಿಮ್ಮಮ್ಮ ನನ್ನನ್ನು ಗಾಜಿನ ಲೋಟದ ಹಾಗೆ ಕಾಯುತ್ತಿದ್ದಾಳೆ. ಬಗ್ಗುವಂತಿಲ್ಲ, ಎತ್ತುವಂತಿಲ್ಲ, ಷೆಡ್ಡಿನ ಕಡೆ ತಲೆ ಹಾಕುವಂತಿಲ್ಲ. ನಿನ್ನೆ ಅವಳು ಮಧ್ಯಾಹ್ನ ಒಂದು ಕಣ್ಣು ಮುಚ್ಚಿದಾಗ ಬೀಗದ ಕೈ ಲಪಟಾಯಿಸಿ ಹೋದೆ.

ಹೊಸ ಕೋರನ್ನು ಪೆಟ್ಟಿಗೆಯಿಂದ ಎತ್ತಿಕೊಂಡೆ. ಕೆಂಪು ಮುಚ್ಚಳ ಕಿತ್ತೆ. ಚಪ್ಪಲಿಯ ಮೇಲೆ ಹಸಿರು ನೀರು ಸುರಿಯಿತು.

ಅಂಗಡಿಯವರು ಕೂಲೆಂಟು ತುಂಬಿಸಿ ಮಾರುವುದಿಲ್ಲ ಮಗಳೇ. ಇಂಥ ಕೋರನ್ನು ಎಷ್ಟು ಬಸಿದರೂ ಒಳಗಿನ ಸಂದಿಗಳಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಆಮೇಲೆ ರಟ್ಟಿನ ಕಡೆ ತಿರುಗಿದೆ. ಸ್ಕ್ರೂಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು, ತಪ್ಪಿಲ್ಲ. ನಾನು ಚುಚ್ಚಿದ್ದು ಮಾತ್ರ ಅತ್ತ ಒಂದು ಇತ್ತ ಒಂದು ವಾಲಿಕೊಂಡಿರುತ್ತವೆ. ಇವು ಒಂದೇ ಎತ್ತರಕ್ಕೆ, ನೆಟ್ಟಗೆ, ಬಾಯಲ್ಲಿ ಸೆಟ್ಟು ಕೂರಿಸಿದ ಹಾಗೆ ನಿಂತಿದ್ದವು. ಯಾರ ಕೈ ಎಂದು ಕೇಳಬೇಕೆ?

ಒಳಗೆ ಬಂದು ನಿಮ್ಮಮ್ಮನನ್ನು ಎಬ್ಬಿಸಿ ಕೂರಿಸಿದೆ. ಮೊದಲು ಅಳುತ್ತ ಶುರುಮಾಡಿದಳು, ಗುಜರಿಗೆ ಬರುವ ಹೊತ್ತಿಗೆ ನಗು ತಡೆಯಲಾರದೆ ಬಿಕ್ಕಳಿಸುತ್ತಿದ್ದಳು. ನನಗೆ ನಗು ಬರಲಿಲ್ಲ. ಮೊದಲು ಸಿಟ್ಟು ಬಂತು, ನನಗೆ ಸುಳ್ಳು ಹೇಳಿದಿರಿ ಎಂದು. ಆಮೇಲೆ ನೀನು ಆ ತೂತು ಕೋರನ್ನು ಎದೆಗವಚಿಕೊಂಡು ಬೀದಿಯಲ್ಲಿ ನಡೆದು ಬಂದದ್ದು ಕಣ್ಣಿಗೆ ಕಟ್ಟಿತು. ನಾನು ಎದ್ದು ಹೋಗಿ ಮುದುಕಿಯ ಮುಂದಿನ ಸೀಟಿನಲ್ಲಿ ಕೂತೆ. ನಿಮ್ಮಮ್ಮ ಹುಡುಕಿಕೊಂಡು ಬರುವವರೆಗೂ ಅಲ್ಲೇ ಇದ್ದೆ.

ಇವತ್ತು ಅವಳ ಎದುರಿನಲ್ಲೇ, ಅವಳ ಒಪ್ಪಿಗೆಯಿಂದಲೇ ಸ್ಪ್ಯಾನರ್ ಹಿಡಿದೆ. ಕೈ ನಡುಗಿತು. ಇನ್ನೂ ನಿತ್ರಾಣ, ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅದೇ ಭಯ. ಒಂದು ನಟ್ಟೂ ಹಿಡಿತಕ್ಕೆ ಬರಲಿಲ್ಲ. ಸ್ಪ್ಯಾನರನ್ನು ಕೆಳಗಿಟ್ಟೆ. ಇಟ್ಟ ಮೇಲೆ ಹೊಳೆಯಿತು, ಕಾನೂನಿನ ಪ್ರಕಾರವೂ ಅದು ನಾನು ಹಿಡಿಯುವಂಥದ್ದಲ್ಲ. ನಾನು ಬಿಚ್ಚಿದ್ದನ್ನು ನೀನು ಕಟ್ಟಿದೆ, ಆ ತಪ್ಪು ನಿನ್ನದು. ನೀನೇ ಕಟ್ಟಿ ನೀನೇ ಬಿಚ್ಚಿದ್ದನ್ನು ನಾನು ಕಟ್ಟಿದರೆ ತಪ್ಪು ನನ್ನದಾಗುತ್ತದೆ.

ಟಾರ್ಚು ನಾನು ಹಿಡಿಯುತ್ತೇನೆ. ನಿಮ್ಮಮ್ಮನಿಗಿಂತ ಚೆನ್ನಾಗಿ ಹಿಡಿಯುತ್ತೇನೆ.

ಇಲ್ಲಿ ಚಳಿ ಜೋರಾಗಿದೆ. ನಿನ್ನ ಕೆಲಸ ಇಲ್ಲಿದೆ ಮಗಳೇ.

ಬಾ.

ಅಪ್ಪ